ಹೈಸ್ಕೂಲ್ ಕಟ್ಟೆ: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಎಂಟಕ್ಕೆ ದಾವಣಗೆರೆಯ ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕೋಣ ಅಂತಾರೆ ನಮ್ಮ ಯಜಮಾನರು. ಊರ ಹೈಸ್ಕೂಲಲ್ಲಿ ಬರೀ ಕಾರ್ಯಕ್ರಮ, ಪಾಠ ಇಲ್ಲ ಅಂತ ಎಲ್ಲರ ಮಾತು. ಏನು ಮಾಡಲಿ?
(ಒಬ್ಬ ತಾಯಿ, ಜಗಳೂರು)

ಉತ್ತರ: ಎಲ್ಲರೂ ಅಂದರೆ ಯಾರಮ್ಮ? ಅವರ ಮಕ್ಕಳು ಅಲ್ಲಿ ಓದುತ್ತಿದ್ದಾರಾ? ಮೊದಲು ನೀವೇ ಒಂದು ದಿನ ಶಾಲೆಗೆ ಹೋಗಿ ಬನ್ನಿ. ಗಣಿತ, ವಿಜ್ಞಾನಕ್ಕೆ ಕಾಯಂ ಮೇಷ್ಟ್ರು ಇದ್ದಾರಾ, ಇಲ್ಲದಿದ್ದರೆ ಅತಿಥಿ ಶಿಕ್ಷಕರು ಜೂನ್‌ನಲ್ಲೇ ಬಂದರಾ ಅಥವಾ ದಸರಾ ಹೊತ್ತಿಗೆ ಬಂದರಾ, ಇದನ್ನು ಹೆಡ್‌ಮಾಸ್ಟರ್ ಹತ್ತಿರ ನೇರವಾಗಿ ಕೇಳಿ. ಸಂಕೋಚ ಬೇಡ. ಸಾಧ್ಯವಾದರೆ ಲ್ಯಾಬಿನ ಬೀರು ತೆಗೆಸಿ ನೋಡಿ. ಗಾಜಿನ ನಳಿಕೆಗಳ ಮೇಲೆ ಧೂಳು ಕೂತಿದೆಯಾ, ಲಿಟ್ಮಸ್ ಕಾಗದದ ಪುಟ್ಟ ಪುಸ್ತಕದಲ್ಲಿ ಹಾಳೆ ಖರ್ಚಾಗಿವೆಯಾ ಅಥವಾ ತಂದಾಗ ಹೇಗಿತ್ತೋ ಹಾಗೇ ಇದೆಯಾ. ಗೇಟಿನ ಮುಂದಿನ ಟಾಪರ್ ಫ್ಲೆಕ್ಸ್‌ಗಿಂತ ಆ ಬೀರು ಜಾಸ್ತಿ ಹೇಳುತ್ತದೆ.

ಇನ್ನೊಂದು ವಿಷಯ ನಿಮ್ಮ ಯಜಮಾನರಿಗೆ ಹೇಳಿ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅಂತ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000, ನೇರ ಮಗುವಿನ ಬ್ಯಾಂಕ್ ಖಾತೆಗೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು, ಏಳನೇ ಕ್ಲಾಸಿನಲ್ಲಿ ಶೇ. 55 ಅಂಕ ಬಂದಿರಬೇಕು (ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 50). ಮುಖ್ಯವಾಗಿ, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗೆ ಸೇರಿಸಿದ ದಿನವೇ ಈ ಬಾಗಿಲು ಮುಚ್ಚಿತು. ಪೇಪರ್ ಎರಡು. ಒಂದು ಬುದ್ಧಿಶಕ್ತಿಯ ಲೆಕ್ಕ, ಇನ್ನೊಂದು ಪಾಠದ ವಿಷಯಗಳು, ತಲಾ 90 ಅಂಕ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಅದಕ್ಕೇ ಜೂನ್‌ನಲ್ಲೇ ಕ್ಲಾಸ್ ಟೀಚರ್‌ಗೆ ಹೇಳಿಡಿ. ಬಹಳ ಮನೆಗಳಲ್ಲಿ ಇದರ ಹೆಸರು ಕಿವಿಗೆ ಬೀಳುವುದು ಮಗು ಒಂಬತ್ತಕ್ಕೆ ಬಂದ ಮೇಲೆ, ಅಷ್ಟೊತ್ತಿಗೆ ಬಸ್ಸು ಹೋಗಿರುತ್ತದೆ. ಆಯ್ಕೆಯಾದ ಮೇಲೂ ಪ್ರತಿ ವರ್ಷ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನವೀಕರಿಸಬೇಕು. ಅದನ್ನು ಮರೆತು ದುಡ್ಡು ಕಳೆದುಕೊಂಡವರೂ ಇದ್ದಾರೆ.

ಗಣಿತಕ್ಕೆ ಮೇಷ್ಟ್ರೇ ಇಲ್ಲ ಅಂತ ಗೊತ್ತಾದರೆ ಬೇರೆ ಶಾಲೆ ನೋಡಿ, ನಾನೂ ಅದನ್ನೇ ಹೇಳುತ್ತೇನೆ. ಆಗಲೂ ಹತ್ತಿರದ ಅನುದಾನಿತ ಶಾಲೆಯನ್ನು ಮೊದಲು ವಿಚಾರಿಸಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಹಿಂದಿ ಬದಲು ಎನ್‌ಎಸ್‌ಕ್ಯೂಎಫ್‌ನ (ವೃತ್ತಿ ಶಿಕ್ಷಣದ) ಐಟಿ ತಗೋಬಹುದು. ಅದು ದಡ್ಡರಿಗೆ ಅಂತ ಫ್ರೆಂಡ್ಸ್ ಅಂತಾರೆ. ನಿಜಾನಾ ಸರ್?
(ಎಂಟನೇ ತರಗತಿ ವಿದ್ಯಾರ್ಥಿನಿ, ಹೊಳಲ್ಕೆರೆ)

ಉತ್ತರ: ಸುಳ್ಳು ಪುಟ್ಟಿ. ಐಟಿ, ಆಟೋಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಅಂತ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಮಾತ್ರ ಇವು ಸಿಗುತ್ತವೆ, ನಿಮ್ಮಲ್ಲಿ ಇದೆ ಅಂದರೆ ಅದೃಷ್ಟ. ತೃತೀಯ ಭಾಷೆಯ ಜಾಗದಲ್ಲಿ ಇದನ್ನು ಓದುತ್ತೀಯ, ಪ್ರಾಯೋಗಿಕ ಕೆಲಸಕ್ಕೂ ಅಂಕ ಇರುತ್ತದೆ. ಪಿಯುಸಿಗೆ ಹೋದರೆ ಕನ್ನಡ, ಇಂಗ್ಲಿಷ್ ತಗೊಂಡು ಹಿಂದಿ ಇಲ್ಲದೆಯೂ ಆರಾಮಾಗಿ ಓದಬಹುದು. ಆದರೆ ಹಿಂದಿ ನಿನಗೆ ಇಷ್ಟವಿದ್ದರೆ ಫ್ರೆಂಡ್ಸ್ ಹೇಳಿದರು ಅಂತ ಬಿಡಬೇಡ. ಮತ್ತೆ ಕಂಪ್ಯೂಟರ್‌ಗಳು ಚಾಲೂ ಇವೆಯಾ, ಪಾಠ ಮಾಡೋರು ಇದ್ದಾರಾ ಅಂತ ಈಗಿನ ಒಂಬತ್ತನೇ ಕ್ಲಾಸಿನ ಅಕ್ಕಂದಿರನ್ನು ಕೇಳು. ಪುಸ್ತಕದಲ್ಲೇ ಕೀಬೋರ್ಡ್ ನೋಡುವ ಹಾಗಿದ್ದರೆ ಹಿಂದಿಯೇ ವಾಸಿ.

ಪ್ರಶ್ನೆ: ಪ್ರತಿ ವರ್ಷ ಮೈಸೂರು ಇಲ್ಲಾ ಜೋಗಕ್ಕೆ ಶಾಲಾ ಪ್ರವಾಸ. ಅರ್ಧ ಮಕ್ಕಳಿಗೆ ದುಡ್ಡು ಕೊಡಲು ಆಗುವುದಿಲ್ಲ. ಬೇರೆ ದಾರಿ ಇದೆಯಾ?
(ಹೈಸ್ಕೂಲ್ ಶಿಕ್ಷಕ, ಚಳ್ಳಕೆರೆ ತಾಲ್ಲೂಕು)

ಉತ್ತರ: ಮೇಷ್ಟ್ರೇ, ನಿಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಅಶೋಕ ಇದ್ದಾನಲ್ಲ! ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅವನ ಶಾಸನಗಳಿವೆ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಪಠ್ಯಪುಸ್ತಕದಲ್ಲಿ ಎರಡು ಸಾಲು ಓದಿ ಮರೆಯುವ ಮಕ್ಕಳನ್ನು ಬೆಳಿಗ್ಗೆ ಬುತ್ತಿ ಕಟ್ಟಿಸಿ ಕರೆದುಕೊಂಡು ಹೋಗಿ. ಹೋಗುವ ಮುಂಚೆ ಒಂದು ವಾರ ಬೋರ್ಡಿನ ಮೇಲೆ ಬ್ರಾಹ್ಮಿ ಅಕ್ಷರ ಕಲಿಸಿ. ಕ, ಗ, ಮ ಗೊತ್ತಿದ್ದರೂ ಸಾಕು, ಬಂಡೆ ಮೇಲೆ ಹುಡುಕಲು ಶುರು ಮಾಡುತ್ತಾರೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಆದರೆ ಕೊನೆಯಲ್ಲಿ ಬರೆದವನು ತನ್ನನ್ನು ಲಿಪಿಕಾರ ಅಂತ ಹೇಳಿಕೊಳ್ಳುವಾಗ ವಾಯವ್ಯದ ಕಡೆಯ ಖರೋಷ್ಠಿ ಲಿಪಿ ಬಳಸಿದ್ದಾನೆ. ಚಪಡ ಅಂತ ಅವನ ಹೆಸರು. ಅಷ್ಟು ದೂರದ ಲಿಪಿ ಬಲ್ಲವನು ಈ ಬಯಲುಸೀಮೆಗೆ ಯಾಕೆ ಬಂದ ಅಂತ ಕೇಳಿ ನೋಡಿ, ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ತಂದೆತಾಯಿ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡಬೇಕು ಅಂತಲೂ ಅದರಲ್ಲಿದೆ. ಆ ಕೊನೆಯದನ್ನು ನೀವು ಜೋರಾಗಿಯೇ ಓದಿ! ಬಂಡೆ ಮೇಲೆ ಚಾಕ್ ಮಾತ್ರ ತಾಗಿಸಬಾರದು, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಮುಂದಿನ ವರ್ಷಕ್ಕೆ ಚಿತ್ರದುರ್ಗದ ಚಂದ್ರವಳ್ಳಿ ಇಟ್ಟುಕೊಳ್ಳಿ, ಅಲ್ಲಿ ಕೆರೆಯ ವಿಷಯ ಹೇಳುವ ಕದಂಬ ಮಯೂರಶರ್ಮನ ಶಾಸನ ಇದೆ.

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ಪರೀಕ್ಷೆ ವರ್ಷ, ಕಳಿಸಲೋ ಬೇಡವೋ?
(ಒಬ್ಬ ತಂದೆ, ಹರಿಹರ)

ಉತ್ತರ: ಕಳಿಸಿ. ಕ್ಲಸ್ಟರ್, ತಾಲ್ಲೂಕು ದಾಟಿ ಬಂದವಳನ್ನು ಈಗ ಮನೆಯಲ್ಲಿ ಕೂರಿಸಿದರೆ ಪುಸ್ತಕ ಹಿಡಿದು ಓದುತ್ತಾಳೆ ಅಂದುಕೊಂಡಿರಾ? ಸುಮ್ನೆ ಮುನಿಸಿಕೊಂಡು ಕೂರುತ್ತಾಳೆ. 2024ರಿಂದ ಎಸ್‌ಎಸ್‌ಎಲ್‌ಸಿಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬರೆಯುವ ಅವಕಾಶವೂ ಬಂದಿದೆ, ನಿಮ್ಮ ಕಾಲದ ಭಯ ಅವಳ ಮೇಲೆ ಹಾಕಬೇಡಿ. ಆ ದಿನ ತಪ್ಪುವ ಪಾಠದ ನೋಟ್ಸ್ ಯಾರ ಹತ್ತಿರ ಸಿಗುತ್ತೆ ಅಂತ ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಲಿ. ಆಮೇಲೆ ನೀವೂ ಜೊತೆಗೆ ಹೋಗಿ, ಮುಂದಿನ ಸಾಲಲ್ಲೇ ಕೂತ್ಕೊಳ್ಳಿ.