ತಿಪಟೂರಿನ ತಮ್ಮನಿಗೆ, ಸೂಟ್‌ಕೇಸ್ ವಿಚಾರ

ಅಕ್ಟೋಬರಿನಲ್ಲಿ ಎಂಎಸ್ ಓದೋಕೆ ಜರ್ಮನಿಗೆ ಹೊರಟಿದ್ದೀಯ. 28 ಇಂಚಿನ ಒಂದು ದೊಡ್ಡ ಸೂಟ್‌ಕೇಸ್ ತಗೊಳ್ಲಾ, ಚಿಕ್ಕವು ಎರಡು ತಗೊಳ್ಲಾ ಅಕ್ಕಾ, ಗಟ್ಟಿ ಮೈಯದಾ ಬಟ್ಟೆಯದಾ, ಅಲ್ಲಿ ಚಳಿ, ಪಾರ್ಟ್‌ಟೈಮ್ ಕೆಲಸ ಹೇಗೆ ಅಂತ ಕೇಳಿದ್ದೀಯ. ನಾನು ತುಮಕೂರಿನವಳು, ತಿಪಟೂರಿನ ಹುಡುಗ ಅಂತ ಓದಿದ ಮೇಲೆ ಉತ್ತರ ಬರೆಯದೆ ಇರೋಕಾಗಲಿಲ್ಲ.

ಚಿಕ್ಕ ಪ್ರಶ್ನೆಗಳನ್ನ ಮೊದಲು ಮುಗಿಸ್ತೀನಿ. ಚಳಿಯ ಕೋಟು ನಾನಿರೋ ಈ ಜರ್ಮನಿಗೆ ಬಂದ ಮೇಲೆ ಕೊಂಡುಕೋ, ಊರಿನ ಜರ್ಕಿನ್ ಜನವರಿಗೆ ಸಾಲದು. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಆದರೆ ಮೊದಲ ಸೆಮಿಸ್ಟರಿನಲ್ಲಿ ಆ ಯೋಚನೆ ಬೇಡ. ಅನ್ನ, ಸಾರು ಮಾಡೋದು ಈಗಲೇ ಕಲಿ.

ಈಗ ಸೂಟ್‌ಕೇಸ್. ಮೊದಲು ಟಿಕೆಟ್ ನೋಡು. 1 ಪೀಸ್, 2 ಪೀಸ್ ಅಂತಿದ್ದರೆ ಸಾಮಾನ್ಯವಾಗಿ ಒಂದೊಂದಕ್ಕೂ 23 ಕೆಜಿ. 30 ಕೆಜಿ ಅಂತ ತೂಕ ಮಾತ್ರ ಬರೆದಿದ್ದರೆ ಅದು ಒಟ್ಟು ತೂಕದ ಲೆಕ್ಕ, ಎರಡು ಪೆಟ್ಟಿಗೆಗೆ ಹಂಚಬಹುದು. ಅಳತೆಗೂ ಮಿತಿ ಇದೆ: ಉದ್ದ, ಅಗಲ, ದಪ್ಪ ಕೂಡಿಸಿದರೆ 158 ಸೆಂ.ಮೀ. ಮೀರಬಾರದು, ಚಕ್ರ, ಹಿಡಿ ಎಲ್ಲ ಸೇರಿ. ಅಂಗಡಿಯವರು ಚೀಟಿಯಲ್ಲಿ ಬರೆಯೋದು ಎಷ್ಟೋ ಸಲ ಚಕ್ರ ಬಿಟ್ಟು. 79 ಸೆಂ.ಮೀ. ಎತ್ತರ, 52 ಅಗಲ, 33 ದಪ್ಪ ಇದ್ದರೆ ಆಗಲೇ 164. ಜಾಗ ಹಿಗ್ಗಿಸೋ ಜಿಪ್ ಬಿಚ್ಚಿದರೆ ಇನ್ನೂ ನಾಲ್ಕೈದು ಸೆಂ.ಮೀ. ಏರುತ್ತೆ. ಟೇಪು ಜೇಬಿನಲ್ಲಿಟ್ಟುಕೊಂಡೇ ಹೋಗು.

ದೊಡ್ಡದು ಒಂದು ಬೇಡ ತಮ್ಮಾ. 67–68 ಸೆಂ.ಮೀ. ಎತ್ತರದ್ದು ತಗೋ, 2 ಪೀಸ್ ಇದ್ದರೆ ಅದೇ ಅಳತೆಯದು ಎರಡು. ರಾಗಿಹಿಟ್ಟು, ಪುಸ್ತಕ, ಕುಕ್ಕರ್ ಹಾಕಿದರೆ ಅಷ್ಟರಲ್ಲೇ 23 ಕೆಜಿ ತುಂಬಿಹೋಗುತ್ತೆ. ದೊಡ್ಡದರಲ್ಲಿ ಜಾಗ ಉಳಿಯುತ್ತೆ, ಜಾಗ ಉಳಿದರೆ ಮನೆಯವರೆಲ್ಲ ಒಂದೊಂದು ಪೊಟ್ಟಣ ತುರುಕ್ತಾರೆ, ತೂಕ 28 ದಾಟುತ್ತೆ. ಅದನ್ನ ಎತ್ತೋರು ಯಾರು?

ನಮ್ಮಲ್ಲಿ ಪೆಟ್ಟಿಗೆ ಎತ್ತೋಕೆ ಅಪ್ಪ, ಮಾವ, ಆಟೋದವರು, ಪಕ್ಕದ ಮನೆಯ ಹುಡುಗ ಯಾರಾದರೂ ಕೈ ಜೋಡಿಸ್ತಾರೆ. ಫ್ರಾಂಕ್‌ಫರ್ಟಿನಲ್ಲಿ ಇಳಿದ ಮೇಲೆ ಎತ್ತೋ ಕೈ ನಿನ್ನದೊಂದೇ. ರೈಲಿನ ಬಾಗಿಲಿಗೆ ಮೆಟ್ಟಿಲು ಇರಬಹುದು, ಬದಲಿ ರೈಲಿಗೆ ಎಂಟು ನಿಮಿಷ ಮಾತ್ರ ಇರಬಹುದು. ಲಿಫ್ಟಿನ ಮೇಲೆ ‘ಔಸರ್ ಬೆಟ್ರೀಬ್’ ಅಂತ ಚೀಟಿ ಅಂಟಿಸಿದ್ದರೆ ಕೆಟ್ಟಿದೆ ಅಂತ ಅರ್ಥ. ಹಳೆಯ ಕಟ್ಟಡಗಳಲ್ಲಿ ಲಿಫ್ಟೇ ಇರೋದಿಲ್ಲ, ನಿನಗೆ ಸಿಗೋ ಕೋಣೆ ಮೂರನೇ ಮಹಡಿಯಲ್ಲಿದ್ದರೆ ಅಲ್ಲಿವರೆಗೂ ಹೊರಬೇಕು. ಸಿದ್ಧಗಂಗೆ ಬೆಟ್ಟ ಹತ್ತಿದೀನಿ, ಇದೇನು ಮಹಾ ಅನ್ನಬೇಡ. ಬೆಟ್ಟ ಹತ್ತುವಾಗ ಕೈ ಖಾಲಿ ಇರುತ್ತೆ. ಅದಕ್ಕೇ ವಿಮಾನದೊಳಗೆ ಒಯ್ಯೋಕೆ ಟ್ರಾಲಿ ಬೇಡ, ಬೆನ್ನಿಗೆ ಹಾಕೋ ಬ್ಯಾಗ್ ಇರಲಿ.

ಚಕ್ರದ ವಿಚಾರದಲ್ಲಿ ಹುಷಾರು. ನಾಲ್ಕು ಚಕ್ರದ್ದು ಅಂಗಡಿಯ ನುಣುಪು ನೆಲದ ಮೇಲೆ ಬೆರಳು ತಾಕಿಸಿದರೆ ಓಡುತ್ತೆ. ಇಲ್ಲಿನ ಹಳೇ ಪೇಟೆ ಬೀದಿಗಳಿಗೆ ಹಾಸಿರೋದು ಉಂಡೆಗಲ್ಲು. ಹೊರಗೆ ಚಾಚಿಕೊಂಡಿರೋ ಪುಟ್ಟ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ, ಚಕ್ರದ ಬುಡದ ಪ್ಲಾಸ್ಟಿಕ್ಕೇ ಮುರಿಯುತ್ತೆ. ರೈಲು ತಿರುಗುವಾಗ ತಾನಾಗೇ ಉರುಳಿಕೊಂಡೂ ಹೋಗುತ್ತೆ. ಎರಡೇ ಚಕ್ರ, ದೊಡ್ಡವು, ಅರ್ಧ ಮೈಯೊಳಗೆ ಹುದುಗಿರಬೇಕು, ರಬ್ಬರ್ ಸುತ್ತಿದ್ದರೆ ಇನ್ನೂ ಒಳ್ಳೆಯದು. ಒಳಗಿನ ಅಸ್ತರಿಯ ಜಿಪ್ ತೆಗೆದು ನೋಡು: ಸ್ಕ್ರೂ ಹಾಕಿದ್ದರೆ ಚಕ್ರ ಬದಲಾಯಿಸಬಹುದು, ರಿವೆಟ್ ಹೊಡೆದಿದ್ದರೆ ಕಷ್ಟ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಕೊಂಡರೆ, ಕೊಳ್ಳೋ ಮುಂಚೆ ಒಳಗೆ ಒಂದಿಷ್ಟು ಭಾರ ಹಾಕಿಸಿ ಹೊರಗೆ ರಸ್ತೆಯ ಮೇಲೆ ಎಳೆದು ನೋಡ್ತೀನಿ ಅನ್ನು. ಸಂಕೋಚ ಬೇಡ.

ಬಟ್ಟೆಯದೇ ನನ್ನ ಆಯ್ಕೆ. ದೊಡ್ಡ ಎರಡು ಚಕ್ರದವು ಹೆಚ್ಚಾಗಿ ಅದರಲ್ಲೇ ಸಿಗ್ತವೆ. ಗಟ್ಟಿ ಮೈಯದು ಇಬ್ಭಾಗವಾಗಿ ತೆರೆದುಕೊಳ್ಳುತ್ತೆ, ಹಾಸ್ಟೆಲಿನ ಪುಟ್ಟ ಕೋಣೆಯಲ್ಲಿ ಅಷ್ಟು ನೆಲ ಇರೋದಿಲ್ಲ. ಮಳೆಗೆ ನೆನೆಯೋದೊಂದೇ ಬಟ್ಟೆಯದರ ದೋಷ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ ಜೋಡಿಸು. ಗಟ್ಟಿಯದೇ ಬೇಕಂದರೆ ಪಾಲಿಕಾರ್ಬೊನೇಟ್ ತಗೋ. ಹೆಬ್ಬೆರಳಿಂದ ಒತ್ತಿದರೆ ಬಾಗಿ ಮತ್ತೆ ಮೇಲೇಳಬೇಕು. ಎಬಿಎಸ್ ಅನ್ನೋ ಪ್ಲಾಸ್ಟಿಕ್ ಅಗ್ಗ, ಆದರೆ ಪೆಟ್ಟು ಬಿದ್ದರೆ ಬೇಗ ಸೀಳುತ್ತೆ. ಜಿಪ್ಪಿನಲ್ಲಿ ಹಲ್ಲಿನ ಸಾಲು ಎರಡು ಪದರ ಇದ್ದರೆ ಮೇಲು. ಒಂದೇ ಪದರದ್ದನ್ನ ಬಾಲ್‌ಪೆನ್ನಿನ ಮೊನೆಯಿಂದ ಬಿಡಿಸಿ, ಗುರುತು ಸಿಗದಂತೆ ಮತ್ತೆ ಮುಚ್ಚಬಹುದು. ಪಕ್ಕದ ಹಿಡಿ ಮರೀಬೇಡ, ರೈಲಿಗೆ ಎತ್ತೋದು ಅದರಿಂದಲೇ. ಖಾಲಿ ತೂಕ ಮೂರೂವರೆ ಕೆಜಿ ಒಳಗಿರಲಿ.

ಕೊಬ್ಬರಿ ವಿಷಯ ತಿಪಟೂರಿನವನಿಗೆ ಹೇಳೋಕೆ ನನಗೂ ಸಂಕಟ. ಉಂಡೆ ಕೊಬ್ಬರಿಯನ್ನ ಚೆಕ್‌ಇನ್ ಸಾಮಾನಿನಲ್ಲಿ ಬಿಡೋದಿಲ್ಲ. ಎಣ್ಣೆ ಅಂಶ ಹೆಚ್ಚು, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ 2022ರಿಂದ ನಮ್ಮ ದೇಶದಲ್ಲೇ ನಿಷೇಧ. ಇಲ್ಲಿ ಅಂಗಡಿಗಳಲ್ಲಿ ‘ಕೊಕೊಸ್‌ರಾಸ್ಪೆಲ್’ ಅನ್ನೋ ತುರಿ ಸಿಗುತ್ತೆ. ಸಾರು ಮಾಡೋಕೆ ಆಗುತ್ತೆ, ನಮ್ಮ ಕೊಬ್ಬರಿಯ ಘಮ ಇರೋದಿಲ್ಲ. ತುಪ್ಪ, ಬೆಣ್ಣೆ, ಪೇಡ, ಹಾಲಿನ ಯಾವುದನ್ನೂ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಒಣಗಿಸಿ ಪುಡಿ ಮಾಡಿಸಿಕೋ. ದುಬೈ ಮೂಲಕ ಬರೋದಾದರೆ ಗಸಗಸೆ ಒಂದು ಚಮಚವೂ ಬೇಡ, ಅಲ್ಲಿ ಅದು ಮಾದಕ ವಸ್ತುವಿನ ಅಪರಾಧ. ಕುಕ್ಕರ್ ತರೋದಾದರೆ ಇಂಡಕ್ಷನ್ ತಳದ ಸ್ಟೀಲಿನದು, ಮೂರು ಲೀಟರಿನದು ಸಾಕು. ಹುಳಿಪುಡಿ, ಸಾರಿನಪುಡಿ ಪೊಟ್ಟಣಗಳನ್ನ ಅದರೊಳಗೇ ತುಂಬಿ ಚಕ್ರದ ಕಡೆ ಇಡು. ಭಾರ ಮೇಲಿದ್ದರೆ ಪೆಟ್ಟಿಗೆ ಮಗುಚಿಕೊಳ್ಳುತ್ತೆ.

ಕೈಯಲ್ಲಿ ಹಿಡಿದು ತೂಗೋ ಕೊಕ್ಕೆ ತಕ್ಕಡಿ ಕೊಂಡು ಮನೆಯಲ್ಲೇ ತೂಗು, 22 ಕೆಜಿಗೆ ನಿಲ್ಲಿಸು. ಇದನ್ನ ಮಾತ್ರ ಕಟ್ಟುನಿಟ್ಟಾಗಿ ಮಾಡು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದ ಮನೆಯವರು ಬಾಗಿಲಲ್ಲೇ ಉಳೀತಾರೆ. ತೂಕ ಹೆಚ್ಚಿದೆ ಅಂತ ಕೌಂಟರಿನಲ್ಲಿ ಗೊತ್ತಾಗೋ ಹೊತ್ತಿಗೆ ನೀನು ಒಳಗೆ, ಅಮ್ಮ ಹೊರಗೆ. ನೆಲದ ಮೇಲೆ ಬಿಚ್ಚಿ ತೆಗೆದ ಪೊಟ್ಟಣ ವಾಪಸ್ ಅವರ ಕೈ ಸೇರೋದು ಕಷ್ಟ, ಕಸದ ಬುಟ್ಟಿಗೇ ಹೋಗುತ್ತೆ. ಅಮ್ಮ ರಾತ್ರಿಯೆಲ್ಲ ಕೂತು ಹುರಿದು ಕುಟ್ಟಿದ್ದ ಚಟ್ನಿಪುಡಿಯನ್ನ ಹಾಗೆ ಬಿಟ್ಟು ಬಂದವಳು ನಾನು, ಅದು ಇವತ್ತಿಗೂ ಕೊರೆಯುತ್ತೆ. ಏನು ಬಿಡಬೇಕು ಅನ್ನೋದನ್ನ ಅಡುಗೆಮನೆಯಲ್ಲಿ ಅಮ್ಮನ ಎದುರು ಕೂತೇ ತೀರ್ಮಾನ ಮಾಡು. ಅವರು ಬೇಜಾರು ಮಾಡ್ಕೊಂಡರೂ ಪೊಟ್ಟಣ ಮನೆಯಲ್ಲೇ ಉಳಿಯುತ್ತೆ.

ಪಾಸ್‌ಪೋರ್ಟ್, ಅಡ್ಮಿಷನ್ ಪತ್ರ, ನಿನ್ನ ಓದಿನ ದಾಖಲೆ ಪರಿಶೀಲಿಸಿ ಕೊಟ್ಟಿರೋ ಎಪಿಎಸ್ ಪ್ರಮಾಣಪತ್ರ, ವಿಮೆ, ಮೂಲ ಅಂಕಪಟ್ಟಿ, ಪವರ್‌ಬ್ಯಾಂಕ್, ಎರಡು ಜೊತೆ ಬಟ್ಟೆ ಬೆನ್ನ ಮೇಲಿನ ಬ್ಯಾಗಿನಲ್ಲೇ ಇರಲಿ. ಸೂಟ್‌ಕೇಸ್ ಬರದಿದ್ದರೆ ಅಥವಾ ಒಡೆದು ಬಂದರೆ ಹಾಲ್ ಬಿಡೋ ಮುಂಚೆ ಕೌಂಟರಿನಲ್ಲಿ ಪಿಐಆರ್ ಅನ್ನೋ ಸಾಮಾನಿನ ತೊಂದರೆಯ ವರದಿ ಬರೆಸಿ ನಂಬರ್ ಈಸ್ಕೋ. ಒಡೆದಿದ್ದಕ್ಕೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿ ಬಂದಿದ್ದಕ್ಕೆ, ಕೈಗೆ ಸಿಕ್ಕ ದಿನದಿಂದ 21 ದಿನ. ಹೊರಡೋ ಮುಂಚೆ ತೆರೆದದ್ದೊಂದು, ಮುಚ್ಚಿದ್ದೊಂದು ಫೋಟೋ ತೆಗೆದಿಟ್ಟಿರು.

ಟಿಕೆಟ್ಟಿನಲ್ಲಿ ಎಷ್ಟು ಪೀಸ್ ಇದೆ, ಕೊನೆಗೆ ಇಳಿಯೋ ರೈಲು ನಿಲ್ದಾಣ ಯಾವುದು ಬರೆದು ತಿಳಿಸು. ಅಲ್ಲಿ ಲಿಫ್ಟ್ ಯಾವ ತುದಿಯಲ್ಲಿದೆ ಅಂತ ನೋಡಿ ಹೇಳ್ತೀನಿ.