ಗಾಮಾ ಎಷ್ಟಿಡಬೇಕು?

ಜಾಲದ ಸಾಮರ್ಥ್ಯ ಯೋಜಿಸುವಾಗ 20 ಸಂಚಾರ ಬೇಡಿಕೆಗಳೂ ಒಟ್ಟಿಗೇ ಗರಿಷ್ಠಕ್ಕೇರುತ್ತವೆ ಅಂತ ಹಿಡಿದರೆ ವೆಚ್ಚ ವಿಪರೀತ, ಗಾಮಾ (ಒಂದು ಲಿಂಕಿನಲ್ಲಿ ಒಟ್ಟಿಗೇ ಗರಿಷ್ಠಕ್ಕೇರಬಹುದು ಅಂತ ಹಿಡಿಯುವ ಬೇಡಿಕೆಗಳ ಸಂಖ್ಯೆ) ಎಷ್ಟಿಡಲಿ ಅಂತ ಕೇಳಿದ್ದೀರಿ. ಒಂದೇ ಲಿಂಕ್ ತಗೊಳ್ಳಿ: ಪ್ರತಿ ಬೇಡಿಕೆಗೂ ಸರಾಸರಿ 10 ಗಿಗಾಬಿಟ್, ಅದರ ಮೇಲೆ ಗರಿಷ್ಠ ಏರಿಕೆ 4. ಗಾಮಾ 20 ಆದರೆ 280 ಬೇಕು, 10 ಆದರೆ 240, 5 ಆದರೆ 220. ಸಾಮರ್ಥ್ಯ 40ರ ಮಾಡ್ಯೂಲ್‌ಗಳಲ್ಲೇ ಸಿಗುವುದಾದರೆ 5ಕ್ಕೂ 10ಕ್ಕೂ ಆರೇ ಮಾಡ್ಯೂಲ್. ಹಾಗಿದ್ದಮೇಲೆ 5ಕ್ಕೇ ನಿಲ್ಲುವುದೇಕೆ? 11 ಇಟ್ಟರೆ ಮಾತ್ರ ಏಳನೆಯದು ಬೇಕು.

ಇದನ್ನು ಮಾದರಿಗೆ ಹಾಕುವಾಗ, ಯಾವ ಯಾವ ಬೇಡಿಕೆಗಳು ಏರಬಹುದು ಎಂಬ ಸನ್ನಿವೇಶಗಳನ್ನು ಎಣಿಸುತ್ತಾ ಕೂರಬೇಡಿ. ಲಿಂಕಿಗೊಂದು ಪೈ, ಅದರ ಮೇಲಿನ ಪ್ರತಿ ಬೇಡಿಕೆಗೊಂದು ರೋ ಎಂಬ ಹೆಚ್ಚುವರಿ ಚರಗಳನ್ನು ಸೇರಿಸಿ, ಎರಡೂ ಸೊನ್ನೆಗಿಂತ ಕಡಿಮೆಯಾಗಕೂಡದು:

ಸರಾಸರಿ ಹರಿವುಗಳ ಮೊತ್ತ + ಗಾಮಾ × ಪೈ + ರೋಗಳ ಮೊತ್ತ ≤ ಸಾಮರ್ಥ್ಯ
ಪ್ರತಿ ಬೇಡಿಕೆಗೂ: ಪೈ + ರೋ ≥ ಏರಿಕೆ × ಆ ಲಿಂಕಿನಲ್ಲಿ ಹರಿಯುವ ಅದರ ಪಾಲು

ಎಡವುವುದು ಇಲ್ಲಿ: ಸಾಮರ್ಥ್ಯ ಮೀರುವ ಸಂಭವ ಕಡಿಮೆ ಎಂದು ಗಾಮಾ ಕೊಡುವ ಖಾತ್ರಿ ನಿಲ್ಲುವುದು ಬೇಡಿಕೆಗಳು ಸ್ವತಂತ್ರವಾಗಿ ಏರಿಳಿದರೆ ಮಾತ್ರ. ಸಂಜೆ ಜೊತೆಜೊತೆಗೇ ಏರುವವನ್ನು ಒಂದೇ ಗುಂಪಾಗಿ ಎಣಿಸಿ.