ಬೆಳ್ಳಗಿದ್ದರೆ ಅದು ಪೊರೆಯಲ್ಲ, ಪುಡಿ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಗಾಜಿನ ಸ್ಲೈಡ್ ಮೇಲೆ ಅಲ್ಯೂಮಿನಿಯಂ ಬೆರೆಸಿದ ಜಿಂಕ್ ಆಕ್ಸೈಡ್ ತೆಳುಪೊರೆ ಮಾಡುತ್ತಿದ್ದೇನೆ. ಜಿಂಕ್ ನೈಟ್ರೇಟ್, ಹೆಕ್ಸಮೀನ್, ತುಸು ಅಲ್ಯೂಮಿನಿಯಂ ನೈಟ್ರೇಟ್ ಕರಗಿಸಿ, ಮನೆಬಳಕೆಯ ಮೈಕ್ರೋವೇವ್ ಓವನ್‌ನಲ್ಲಿ ಇಡುತ್ತೇನೆ. ಕೆಲವೇ ನಿಮಿಷಗಳಲ್ಲಿ ಸ್ಲೈಡ್ ಬೆಳ್ಳಗಾಗುತ್ತದೆ, ಬೆರಳು ತಾಗಿದರೆ ಉದುರುತ್ತದೆ. ಅಲ್ಯೂಮಿನಿಯಂ ಹೆಚ್ಚಿಸಿದರೂ ವಿದ್ಯುತ್ ಹರಿಯುತ್ತಿಲ್ಲ. ಏಕೆ?
– ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಅಲ್ಯೂಮಿನಿಯಂ ತಂಟೆಗೆ ಸದ್ಯ ಹೋಗಬೇಡಿ. ಜಿಂಕ್ ಆಕ್ಸೈಡಿನ ಒಳ್ಳೆಯ ಪೊರೆ ಕಣ್ಣಿಗೆ ಪಾರದರ್ಶಕವಾಗಿರುತ್ತದೆ. ನಿಮ್ಮದು ಸುಣ್ಣ ಬಳಿದಂತೆ ಕಾಣುತ್ತಿದೆ ಎಂದರೆ ಕಣಗಳು ದ್ರಾವಣದಲ್ಲಿಯೇ ಹುಟ್ಟಿ, ಗಾಜಿನ ಮೇಲೆ ಬಂದು ಕುಳಿತಿವೆ. ಒಂದಕ್ಕೊಂದು ಅಂಟದ ಕಣಗಳ ನಡುವೆ ಎಲೆಕ್ಟ್ರಾನು ದಾಟುವುದಾದರೂ ಹೇಗೆ?

ಮೈಕ್ರೋವೇವ್‌ನ ಗುಣವೇ ಇದಕ್ಕೆ ಕಾರಣ. 2.45 ಗಿಗಾಹರ್ಟ್ಸ್ ಅಲೆಗಳು ನೀರಿನ ಅಣುಗಳನ್ನು ಅಲುಗಾಡಿಸಿ ಬೀಕರಿನೊಳಗಿನ ದ್ರಾವಣವನ್ನು ನೇರವಾಗಿ ಕಾಯಿಸುತ್ತವೆ. ಹೆಕ್ಸಮೀನ್ ಒಡೆದು ಅಮೋನಿಯಾ ಒಮ್ಮೆಲೇ ಬಿಡುಗಡೆಯಾಗುತ್ತದೆ, ಕಣಗಳು ಎಲ್ಲೆಡೆ ಹುಟ್ಟಿ ಬೀಕರ್ ಪೂರ್ತಿ ಕದಡುತ್ತದೆ. ಓವನ್‌ನಲ್ಲಿ ‘ಲೋ’ ಇಟ್ಟರೂ ಅನೇಕ ಮಾದರಿಗಳಲ್ಲಿ ಶಕ್ತಿ ತಗ್ಗುವುದಿಲ್ಲ. ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಪೂರ್ಣ ಬಲದಲ್ಲಿ ಹತ್ತಿಕೊಂಡು, ಆರಿ, ಮತ್ತೆ ಹತ್ತಿಕೊಳ್ಳುತ್ತದೆ. ಗುನುಗುವ ಸದ್ದು ಏರಿಳಿಯುವುದನ್ನು ಕೇಳಿದರೆ ಗೊತ್ತಾಗುತ್ತದೆ.

ಮೊದಲು ಬೀಜಪದರ ಹಾಕಿ. ಶುಭ್ರವಾಗಿ ತೊಳೆದ ಸ್ಲೈಡನ್ನು ಜಿಂಕ್ ಅಸಿಟೇಟ್ ಕರಗಿಸಿದ ಎಥನಾಲ್‌ನಲ್ಲಿ ಅದ್ದಿ, ಪೂರ್ತಿ ಒಣಗಿಸಿ, ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ. ಬೆಳೆಯುವ ಹರಳಿಗೆ ಗಾಜಿನ ಮೇಲೆಯೇ ನೆಲೆ ಸಿಗುತ್ತದೆ. ದ್ರಾವಣವನ್ನು ತೆಳುವಾಗಿಸಿ, 0.025 ಮೋಲಾರ್‌ನಿಂದ ಶುರುಮಾಡಬಹುದು. ಸ್ಲೈಡನ್ನು ಬೀಜದ ಮುಖ ಕೆಳಗಾಗಿ ಓರೆಯಾಗಿ ನಿಲ್ಲಿಸಿದರೆ, ಉದುರುವ ಪುಡಿ ಅದರ ಮೇಲೆ ಕೂರುವುದಿಲ್ಲ.

ಪೊರೆ ಗಟ್ಟಿಯಾಗಿ ಬರತೊಡಗಿದ ಮೇಲೆ ಡೋಪಿಂಗ್, ಅಂದರೆ ಅಲ್ಯೂಮಿನಿಯಂ ಬೆರೆಸುವ ಕೆಲಸ. ಸತುವಿನ ಜಾಗದಲ್ಲಿ ಕುಳಿತ ಅಲ್ಯೂಮಿನಿಯಂ ಒಂದು ಎಲೆಕ್ಟ್ರಾನನ್ನು ಹೆಚ್ಚಿಗೆ ಕೊಡುತ್ತದೆ ನಿಜ. ಆದರೆ ಅತಿಯಾದರೆ ಹರಳಿನೊಳಗೆ ಹೋಗದೆ ಕಣಗಳ ಅಂಚಿನಲ್ಲಿ ಸೇರಿಕೊಂಡು ದಾರಿಗೆ ಅಡ್ಡವಾಗುತ್ತದೆ. ದ್ರಾವಣಕ್ಕೆ ಹಾಕಿದ್ದೆಲ್ಲ ಪೊರೆಗೆ ಇಳಿದಿದೆ ಎಂದು ಪ್ರಬಂಧದಲ್ಲಿ ಬರೆದುಬಿಡಬೇಡಿ (ಎಷ್ಟು ಜನ ಹಾಗೆಯೇ ಬರೆಯುತ್ತಾರೆ!). ಎಕ್ಸ್-ರೇ ವಿಶ್ಲೇಷಣೆಯಿಂದ ಪೊರೆಯನ್ನೇ ಅಳೆಯಿಸಿ.

ಬೋರ್‌ವೆಲ್ ನೀರು ಬೇಡವೇ ಬೇಡ, ಭಟ್ಟಿ ಇಳಿಸಿದ ನೀರೇ ಬೇಕು. ನಮ್ಮೂರಿನಲ್ಲಿ ಬೀಕರಿಗೆ ಮುಚ್ಚಳವೂ ಇರಲಿ. ಸಂಡೂರಿನ ಅದಿರಿನ ಕೆಂಪು ಧೂಳು ಸ್ವತಃ ಕಬ್ಬಿಣದ ಆಕ್ಸೈಡ್. ನೀವು ಕರೆಯದಿದ್ದರೂ ಬಂದು ಬೆರೆಯುತ್ತದೆ. ಮುಚ್ಚಳ ಸಡಿಲವಾಗಿರಲಿ, ಬಿಗಿದರೆ ಸಿಡಿಯುತ್ತದೆ. ಹೆಕ್ಸಮೀನ್‌ನಿಂದ ಫಾರ್ಮಾಲ್ಡಿಹೈಡ್ ಕೂಡ ಹೊರಬರುವುದರಿಂದ ಹೊಗೆ ಹೊರದೂಡುವ ಫ್ಯಾನಿನ ಬಳಿಯೇ ಕೆಲಸ ಮಾಡಿ, ಆ ಓವನ್ ಮತ್ತೆ ಅಡುಗೆಮನೆಗೆ ಹೋಗದಂತೆ ನೋಡಿಕೊಳ್ಳಿ.